ಉಪ್ಪುನೀರಿನ ಮೀನಿಗೆ ಪುರಿ, ಅನ್ನ, ಎರೆಹುಳು ಹಾಕಬಹುದೇ? ‘ನೈಸರ್ಗಿಕ ಆಹಾರ’ ಎಂದರೆ ನಿಜಕ್ಕೂ ಏನು?

“ಡಬ್ಬಿಯ ಮೀನಿನ ಆಹಾರದಲ್ಲಿ ಬರೀ ಕೆಮಿಕಲ್, ಮನೆಯಲ್ಲಿರುವ ನೈಸರ್ಗಿಕ ಆಹಾರ ಹಾಕಿ, ನಿಮ್ಮ ಮೀನು ನೂರು ಕಾಲ ಬಾಳುತ್ತದೆ” ಎಂಬ ಧಾಟಿಯ ಸಲಹೆಗಳು ಮೊಬೈಲ್‌ನಲ್ಲಿ ಬರುತ್ತಲೇ ಇರುತ್ತವೆ. ಒಬ್ಬರು ಅನ್ನದ ಅಗುಳು ಎನ್ನುತ್ತಾರೆ, ಇನ್ನೊಬ್ಬರು ಬ್ರೆಡ್ ಎನ್ನುತ್ತಾರೆ. ಮತ್ತೊಬ್ಬರು ತಿಪ್ಪೆಯಿಂದ ಎರೆಹುಳು ಕೆದಕಿ ತಂದು ಹಾಕಿ ಎನ್ನುತ್ತಾರೆ. ಕೇಳಲು ಎಲ್ಲವೂ ಸರಿ ಎನಿಸುತ್ತದೆ. ಕೆಮಿಕಲ್ ಬೇಡ, ನೈಸರ್ಗಿಕ ಬೇಕು ಎಂದರೆ ಯಾರು ತಾನೇ ಬೇಡ ಎನ್ನುತ್ತಾರೆ?

ಆದರೆ ಸಮುದ್ರದ ಮೀನಿನ ವಿಷಯದಲ್ಲಿ ಈ ಸಲಹೆಗಳನ್ನು ಹಾಗೇ ಪಾಲಿಸಿದರೆ ಆಗುವುದೇ ಬೇರೆ. ಮೀನು ದಿನವೂ ಹೊಟ್ಟೆ ತುಂಬ ತಿನ್ನುತ್ತದೆ, ಆದರೂ ಒಳಗೊಳಗೇ ಸೊರಗುತ್ತದೆ. ಕೆಲವು ತಿಂಗಳ ನಂತರ ಒಂದು ದಿನ ತೊಟ್ಟಿಯ ತಳದಲ್ಲಿ ಸತ್ತು ಬಿದ್ದಿರುತ್ತದೆ. ಮನೆಯವರಿಗೆ ಕಾರಣವೇ ತಿಳಿಯುವುದಿಲ್ಲ. “ನಿನ್ನೆ ರಾತ್ರಿ ಕೂಡ ಚೆನ್ನಾಗಿ ತಿಂದಿತ್ತಲ್ಲ” ಎನ್ನುತ್ತಾರೆ.

ಹೀಗೇಕಾಗುತ್ತದೆ, ಮನೆಯಲ್ಲೇ ಸರಿಯಾದ ಆಹಾರ ತಯಾರಿಸುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಸಿಹಿನೀರಿನ ನಾಡಿನಲ್ಲಿ ಕಡಲ ಮೀನು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕು ಸಿಹಿನೀರಿನ ನಾಡು. ಶ್ರೀರಂಗಪಟ್ಟಣವನ್ನು ಕಾವೇರಿ ಎರಡು ಕವಲಾಗಿ ಬಳಸಿಕೊಂಡು ಹೋಗುತ್ತದೆ. ಕೆ.ಆರ್. ಪೇಟೆಗೆ ಹೇಮಾವತಿ ಇದೆ, ಪಾಂಡವಪುರಕ್ಕೆ ತೊಣ್ಣೂರು ಕೆರೆ ಇದೆ. ನಾಗಮಂಗಲದ ಕಡೆಯಿಂದ ಬರುವ ಲೋಕಪಾವನಿ ಕರಿಘಟ್ಟದ ಬಳಿ ಕಾವೇರಿಗೆ ಸೇರುತ್ತದೆ. ಇಲ್ಲಿನವರು ಕಂಡು ಬೆಳೆದ ಮೀನೆಂದರೆ ಗೆಂಡೆ, ಕಾಟ್ಲಾ, ರೋಹು, ಜಿಲೇಬಿ, ಕೊರಮ. ಕಡಲು ಇರುವುದು ಶ್ರೀರಂಗಪಟ್ಟಣದಿಂದ ಸುಮಾರು 250 ಕಿಲೋಮೀಟರ್ ದೂರದ ಮಂಗಳೂರಿನಲ್ಲಿ.

ಹಾಗಾಗಿ ಮನೆಯಲ್ಲಿ ಗಾಜಿನ ತೊಟ್ಟಿ ಇಡುವವರು ಸಾಮಾನ್ಯವಾಗಿ ಗೋಲ್ಡ್‌ಫಿಶ್, ಗಪ್ಪಿ, ಏಂಜೆಲ್ ಥರದ ಸಿಹಿನೀರಿನ ಮೀನುಗಳಿಂದಲೇ ಶುರುಮಾಡುತ್ತಾರೆ. ಉಪ್ಪುನೀರಿನ ತೊಟ್ಟಿ ಇನ್ನೂ ಅಪರೂಪ. ಆದರೆ 2003ರಲ್ಲಿ ಬಂದ ‘ಫೈಂಡಿಂಗ್ ನೀಮೋ’ ಸಿನಿಮಾದ ನಂತರ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನು ಯಾವ ಮಗುವಿಗೆ ತಾನೇ ಗೊತ್ತಿಲ್ಲ? ಮೈಸೂರು, ಬೆಂಗಳೂರಿನ ಅಂಗಡಿಗಳು ದೂರವೇನಲ್ಲ. ಮಕ್ಕಳು ಹಟ ಹಿಡಿಯುತ್ತಾರೆ, ಅಪ್ಪ ಅಮ್ಮ ತಂದುಕೊಡುತ್ತಾರೆ.

ಅಲ್ಲಿಂದ ಮುಂದೆ ತೊಂದರೆ. ಸಿಹಿನೀರಿನ ಮೀನು ಸಾಕಿ ಗೊತ್ತಿರುವ ರೀತಿಯಲ್ಲೇ ಇದನ್ನೂ ಸಾಕಲು ಹೋಗುತ್ತೇವೆ. ನೀರಿನ ವಿಷಯದಲ್ಲಿ ಆಗುವ ತಪ್ಪು ಬೇಗ ಕಣ್ಣಿಗೆ ಬೀಳುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದು ಬರೀ ಅಡುಗೆ ಉಪ್ಪಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಲವಣಗಳೂ ಅದರಲ್ಲಿವೆ. ನಲ್ಲಿ ನೀರಿಗೆ ಪುಡಿ ಉಪ್ಪು ಕಲಸಿದರೆ ಕಡಲ ನೀರಾಗದು ಎಂದು ಅಂಗಡಿಯವರೇ ಹೇಳಿ, ಅದಕ್ಕೆಂದೇ ಇರುವ ಉಪ್ಪಿನ ಮಿಶ್ರಣ ಕೊಡುತ್ತಾರೆ. ಆಹಾರದ ತಪ್ಪು ಹಾಗಲ್ಲ, ನಿಧಾನವಾಗಿ ಕೊಲ್ಲುತ್ತದೆ.

ತಿಂದರೆ ಸಾಕೇ?

ಎಲ್ಲ ಗೊಂದಲದ ಬೇರು ಇಲ್ಲಿದೆ. “ಹಾಕಿದ ತಕ್ಷಣ ಓಡಿ ಬಂದು ತಿನ್ನುತ್ತದೆ, ಹಾಗಾದರೆ ಅದಕ್ಕೆ ಒಳ್ಳೆಯದೇ ಇರಬೇಕು” ಎಂದು ನಾವು ಅಂದುಕೊಳ್ಳುತ್ತೇವೆ. ನಮ್ಮ ಮಗು ಕುರುಕಲು ಪೊಟ್ಟಣ ಕಂಡ ಕೂಡಲೇ ಓಡಿ ಬರುತ್ತದೆ. ಅಂದಮಾತ್ರಕ್ಕೆ ಅದನ್ನೇ ಮೂರು ಹೊತ್ತು ಕೊಡುತ್ತೇವೆಯೇ?

ಮೀನು ಬಾಯಿಗೆ ಸಿಕ್ಕಿದ್ದನ್ನು ನುಂಗುತ್ತದೆ. ನುಂಗಿದ್ದು ದಕ್ಕಬೇಕಾದರೆ ಅದರ ಕರುಳು ಅದನ್ನು ಜೀರ್ಣಿಸುವಂತಿರಬೇಕು, ಅದರ ಮೈಗೆ ಬೇಕಾದ್ದು ಅದರಲ್ಲಿರಬೇಕು. ಕಡಲ ಮೀನಿಗೂ ಕೆರೆ ಮೀನಿಗೂ ಇರುವ ದೊಡ್ಡ ವ್ಯತ್ಯಾಸವೇ ಇದು.

ಒಮೆಗಾ-3 ಹೆಸರನ್ನು ಆರೋಗ್ಯದ ಫಾರ್ವರ್ಡ್‌ಗಳಲ್ಲಿ ನೀವು ಓದಿರುತ್ತೀರಿ. ಅಗಸೆಬೀಜದಲ್ಲಿ ಇರುವುದೂ ಒಮೆಗಾ-3, ಬಂಗುಡೆ ಮೀನಿನಲ್ಲಿ ಇರುವುದೂ ಒಮೆಗಾ-3. ಆದರೆ ಎರಡೂ ಒಂದೇ ಅಲ್ಲ. ಅಗಸೆಯಲ್ಲಿರುವುದು ಎಎಲ್‌ಎ ಎಂಬ ಸಣ್ಣ ಸರಪಳಿಯ ಕೊಬ್ಬಿನಾಮ್ಲ. ಕಡಲ ಮೀನಿನಲ್ಲಿರುವುದು ಇಪಿಎ ಮತ್ತು ಡಿಎಚ್‌ಎ ಎಂಬ ಉದ್ದ ಸರಪಳಿಯವು. ಕಣ್ಣು, ಮಿದುಳು, ಜೀವಕೋಶದ ಪೊರೆ ಸರಿಯಾಗಿರಲು ಬೇಕಾದದ್ದು ಈ ಉದ್ದ ಸರಪಳಿಯವೇ.

ಸಿಹಿನೀರಿನ ಅನೇಕ ಮೀನುಗಳು ಸಣ್ಣದನ್ನು ತಿಂದು, ತಮ್ಮ ಮೈಯಲ್ಲೇ ಅದನ್ನು ಉದ್ದ ಮಾಡಿಕೊಳ್ಳಬಲ್ಲವು. ಕಡಲಿನ ಹೆಚ್ಚಿನ ಮೀನುಗಳಿಗೆ ಈ ಕೆಲಸ ಸರಿಯಾಗಿ ಬರುವುದಿಲ್ಲ. ಅವುಗಳಿಗೆ ಆ ಅಗತ್ಯವೇ ಬಿದ್ದಿರಲಿಲ್ಲ. ಸಮುದ್ರದ ಸೂಕ್ಷ್ಮ ಪಾಚಿಗಳು ಡಿಎಚ್‌ಎ ತಯಾರಿಸುತ್ತವೆ. ಪಾಚಿಯನ್ನು ಪುಟ್ಟ ಜೀವಿಗಳು ತಿನ್ನುತ್ತವೆ, ಅವನ್ನು ಸಿಗಡಿ ಮತ್ತು ಸಣ್ಣ ಮೀನು ತಿನ್ನುತ್ತವೆ. ತಯಾರಾದದ್ದೇ ಬಾಯಿಗೆ ಬರುವಾಗ ಮೈ ಅದನ್ನು ತಯಾರಿಸುವ ಗೋಜಿಗೆ ಹೋಗಲಿಲ್ಲ.

ಆದ್ದರಿಂದ ಕಡಲ ಮೀನಿನ ಮಟ್ಟಿಗೆ ‘ನೈಸರ್ಗಿಕ’ ಎಂದರೆ ನಮ್ಮ ಹಿತ್ತಿಲಲ್ಲೋ ಅಡುಗೆಮನೆಯಲ್ಲೋ ಸಿಗುವಂಥದ್ದಲ್ಲ. ಅದಕ್ಕೆ ಅದರ ಕಡಲಲ್ಲಿ ಸಿಗುತ್ತಿದ್ದಂಥದ್ದು. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ನಂಬಿಕೆಗಳನ್ನೆಲ್ಲ ನೀವೇ ತೂಗಿ ನೋಡಬಹುದು.

ನಂಬಿಕೆ 1: ನದಿ ಮೀನಿಗೆ ಪುರಿ ಹಾಕುತ್ತೇವಲ್ಲ, ಇದಕ್ಕೂ ಹಾಕಬಹುದು

ನದಿ ದಡದಲ್ಲಿ ನಿಂತು ಮೀನಿಗೆ ಪುರಿ ಎರಚುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಪುರಿ ಹಾಕದೆ ಬರುವ ಯಾತ್ರಿಕರು ಕಡಿಮೆ. ಆದರೆ ಅಲ್ಲಿರುವುದು ಮಹಸೀರ್‌ನಂಥ ನದಿ ಮೀನು. ದಡದ ಮರದಿಂದ ಬಿದ್ದ ಹಣ್ಣು, ಕಾಳು, ಹುಳು, ಏಡಿ ಎಲ್ಲವನ್ನೂ ತಿಂದು ಬದುಕುವ ಜಾತಿ. ಹರಿಯುವ ನೀರು ಉಳಿದದ್ದನ್ನು ಕೊಚ್ಚಿಕೊಂಡು ಹೋಗುತ್ತದೆ.

ಕ್ಲೌನ್, ಡ್ಯಾಮ್ಸೆಲ್, ಲಯನ್‌ಫಿಶ್‌ಗಳು ಹವಳದ ದಿಬ್ಬದ ಜೀವಿಗಳು. ಪುರಿ, ಅನ್ನ, ಬ್ರೆಡ್, ಮುದ್ದೆ ಎಲ್ಲವೂ ಮುಖ್ಯವಾಗಿ ಪಿಷ್ಟ. ನಮಗೆ ಮುದ್ದೆ ದಕ್ಕುತ್ತದೆ, ಈ ಮೀನುಗಳ ಕರುಳಿಗೆ ಪಿಷ್ಟ ಜೀರ್ಣಿಸುವ ಶಕ್ತಿ ತೀರಾ ಕಡಿಮೆ. ಅರ್ಧ ಹೊಟ್ಟೆಯಲ್ಲಿ ಕೊಳೆಯುತ್ತದೆ, ಅರ್ಧ ತೊಟ್ಟಿಯ ತಳದಲ್ಲಿ ಕೊಳೆಯುತ್ತದೆ. ಕೊಚ್ಚಿಕೊಂಡು ಹೋಗಲು ಅಲ್ಲಿ ಹೊಳೆ ಇಲ್ಲ.

ನಂಬಿಕೆ 2: ಎರೆಹುಳು, ಸೊಳ್ಳೆಮರಿ ಜೀವಂತ ಆಹಾರ, ಅದಕ್ಕಿಂತ ನೈಸರ್ಗಿಕ ಯಾವುದಿದೆ?

ಇವು ಸಿಹಿನೀರಿನ ಮೀನಿಗೆ ನಿಜಕ್ಕೂ ಒಳ್ಳೆಯ ಆಹಾರ. ಆದರೆ ಉಪ್ಪುನೀರಿಗೆ ಬಿದ್ದ ಎರೆಹುಳು ಮತ್ತು ಚರಂಡಿಯ ಕೆಂಪು ದಾರದಂಥ ಟ್ಯೂಬಿಫೆಕ್ಸ್ ಹುಳು ಬೇಗ ಸಾಯುತ್ತವೆ. ಮೀನು ತಿನ್ನದೆ ಬಿಟ್ಟರೆ ಅಲ್ಲೇ ಕೊಳೆಯುತ್ತವೆ. ಇವುಗಳಲ್ಲಿ ಕಡಲ ಮೀನಿಗೆ ಬೇಕಾದ ಡಿಎಚ್‌ಎ ಬಹಳ ಕಡಿಮೆ. ಕಬ್ಬು, ಭತ್ತದ ಗದ್ದೆಯಿಂದ ತಂದ ಹುಳುವಾದರೆ ಅದರ ಜೊತೆ ಸಿಂಪಡಿಸಿದ ಕೀಟನಾಶಕದ ಅಂಶವೂ ಬರಬಹುದು. ಚರಂಡಿಯ ಹುಳುವಿನ ಜೊತೆ ರೋಗಾಣು ಬರುತ್ತದೆ.

ಸೊಳ್ಳೆಮರಿ ಸಾಕಲು ಮನೆಯ ಹಿಂದೆ ಬಕೆಟ್‌ನಲ್ಲಿ ನೀರು ನಿಲ್ಲಿಸುವ ಸಲಹೆಯನ್ನಂತೂ ಯಾರೂ ಪಾಲಿಸಬೇಡಿ. ಡೆಂಗಿ, ಚಿಕುನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಬೆಳೆಯುವುದು ಇಂಥ ನಿಂತ ನೀರಿನಲ್ಲೇ. ಮೀನಿನ ಊಟಕ್ಕಾಗಿ ಬೀದಿಯವರಿಗೆಲ್ಲ ಜ್ವರ ಹಂಚುವುದು ಬೇಡ.

ನಂಬಿಕೆ 3: ಕೆರೆಯ ಮರಿಮೀನು ಹಿಡಿದು ಹಾಕಿದರೆ ಸಾಕು

ಲಯನ್‌ಫಿಶ್‌ನಂಥ ಬೇಟೆಗಾರ ಮೀನು ಸಾಕುವವರು ಗೋಲ್ಡ್‌ಫಿಶ್ ಮರಿ ಅಥವಾ ಗೆಂಡೆ ಮರಿಗಳನ್ನು ಜೀವಂತ ಹಾಕುವುದುಂಟು. ನೋಡಲು ರೋಚಕ. ಆದರೆ ಗೆಂಡೆಯ ಕುಟುಂಬದ ಹಲವು ಮೀನುಗಳ ಹಸಿ ಮಾಂಸದಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಅದು ಥಯಾಮಿನ್ ಅಂದರೆ ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ.

ಇದು ಪತ್ತೆಯಾದ ಕಥೆ ಕುತೂಹಲದ್ದು. 1930ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಚಾಸ್ಟೆಕ್ ಎಂಬುವರು ತುಪ್ಪಳಕ್ಕಾಗಿ ನರಿ ಸಾಕುತ್ತಿದ್ದರು. ಹಸಿ ಗೆಂಡೆ ಮೀನು ತಿಂದ ನರಿಗಳು ಕಾಲು ಸ್ವಾಧೀನ ತಪ್ಪಿ ಸಾಯತೊಡಗಿದವು. ಹೊಟ್ಟೆ ತುಂಬ ತಿನ್ನುತ್ತಿದ್ದ ಪ್ರಾಣಿಗಳಿಗೆ ಬಿ1 ಕೊರತೆ! ಹಸಿ ಮೀನೇ ಆ ಜೀವಸತ್ವವನ್ನು ನಾಶ ಮಾಡುತ್ತಿತ್ತು. ಈ ರೋಗಕ್ಕೆ ಇಂದಿಗೂ ‘ಚಾಸ್ಟೆಕ್ ಪಾರ್ಶ್ವವಾಯು’ ಎಂದೇ ಹೆಸರು. ಬೇಯಿಸಿದರೆ ಥಯಾಮಿನೇಸ್ ನಾಶವಾಗುತ್ತದೆ, ಫ್ರೀಜರ್‌ನಲ್ಲಿಟ್ಟರೆ ನಾಶವಾಗುವುದಿಲ್ಲ.

ಕಡಲಿನ ಕೆಲವು ಮೀನು ಮತ್ತು ಚಿಪ್ಪುಜೀವಿಗಳಲ್ಲೂ ಈ ಕಿಣ್ವ ಇದೆ. ಅದಕ್ಕೇ ಯಾವುದೇ ಒಂದೇ ಹಸಿ ಆಹಾರವನ್ನು ತಿಂಗಳುಗಟ್ಟಲೆ ಕೊಡಬಾರದು.

ನಂಬಿಕೆ 4: ಕೋಳಿ, ಕುರಿ ಮಾಂಸದಲ್ಲಿ ಪ್ರೋಟೀನ್ ಇದೆ, ಅದನ್ನೇ ಕೊಡೋಣ

ಪ್ರೋಟೀನ್ ಇರುವುದು ನಿಜ. ತೊಂದರೆ ಇರುವುದು ಕೊಬ್ಬಿನಲ್ಲಿ. ಬಾಡೂಟ ಮುಗಿದ ಮೇಲೆ ಕುರಿ ಸಾರು ತಣ್ಣಗಾದರೆ ಮೇಲೆ ಗಟ್ಟಿ ಕೊಬ್ಬಿನ ಪದರ ಕಟ್ಟುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ನಮ್ಮ ಮೈ ಬಿಸಿ 37 ಡಿಗ್ರಿ. ಮೀನಿಗೆ ಸ್ವಂತ ಬಿಸಿ ಇಲ್ಲ, ನೀರು 26 ಡಿಗ್ರಿ ಇದ್ದರೆ ಅದರ ಮೈಯೂ ಅಷ್ಟೇ. ಕಡಲ ಮೀನಿನ ಎಣ್ಣೆ ತಣ್ಣೀರಿನಲ್ಲೂ ದ್ರವವಾಗಿರುತ್ತದೆ. ನೆಲದ ಪ್ರಾಣಿಯ ಕೊಬ್ಬು ಹಾಗಲ್ಲ, ಮೀನಿಗೆ ಸರಿಯಾಗಿ ಜೀರ್ಣವಾಗುವುದಿಲ್ಲ. ದಿನವೂ ಕೊಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಅಪಾಯ ಇದೆ.

ನಂಬಿಕೆ 5: ಸಂತೆಯ ಒಣ ಸಿಗಡಿ ಕಡಲಿನದೇ ಅಲ್ಲವೇ?

ಕಡಲಿನದೇ. ಆದರೆ ಬಿಸಿಲಲ್ಲಿ ಒಣಗಿ, ಗೋಣಿಚೀಲದಲ್ಲಿ ತಿಂಗಳುಗಟ್ಟಲೆ ಕೂತ ಸಿಗಡಿಯಲ್ಲಿ ನಮಗೆ ಬೇಕಾದ ಆ ಸೂಕ್ಷ್ಮ ಎಣ್ಣೆಯೇ ಮೊದಲು ಹಾಳಾಗಿರುತ್ತದೆ. ಒಣ ಮೀನಿನ ಘಾಟು ವಾಸನೆಯಲ್ಲಿ ಹಳಸಿದ ಕೊಬ್ಬಿನ ಪಾಲೂ ಇದೆ. ಸಾರಿಗೆ ರುಚಿ ಕೊಡಬಹುದು, ಮೀನಿಗೆ ಪೋಷಣೆ ಕೊಡದು. ಮರಳು, ದೂಳು ಬೇರೆ.

ನಂಬಿಕೆ 6: ಬೆಳ್ಳುಳ್ಳಿ ರಸ ಹಾಕಿದರೆ ಬಿಳಿ ಚುಕ್ಕೆ ರೋಗ ವಾಸಿ

ಬೆಳ್ಳುಳ್ಳಿಯ ವಾಸನೆಗೆ ಕೆಲವು ಮೀನುಗಳು ಆಸೆಪಟ್ಟು ತಿನ್ನುವುದುಂಟು. ಹೊಸದಾಗಿ ತಂದ, ತಿನ್ನಲು ಹಿಂಜರಿಯುವ ಮೀನಿಗೆ ಒಂದು ಹನಿ ಸವರಿ ಕೊಟ್ಟರೆ ತಪ್ಪಿಲ್ಲ. ಆದರೆ ಕಡಲ ಮೀನಿನ ಬಿಳಿ ಚುಕ್ಕೆ ರೋಗ ಬರುವುದು ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿಯಿಂದ. ಬೆಳ್ಳುಳ್ಳಿ ಅದನ್ನು ವಾಸಿಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಬೆಳ್ಳುಳ್ಳಿ ನಂಬಿ ಕಾಯುತ್ತಾ ಕೂತರೆ ಚಿಕಿತ್ಸೆಯ ಸಮಯ ಕೈತಪ್ಪುತ್ತದೆ.

ನಂಬಿಕೆ 7: ಡಬ್ಬಿಯ ಆಹಾರ ಎಂದರೆ ವಿಷ

ಇದೂ ತಪ್ಪು. ಕಡಲ ಮೀನಿಗೆಂದೇ ತಯಾರಿಸಿದ ಒಳ್ಳೆಯ ಹರಳು ಆಹಾರದಲ್ಲಿ ಮೀನಿನ ಪುಡಿ, ಸಿಗಡಿ, ಪಾಚಿ, ಜೀವಸತ್ವಗಳು ಅಳತೆಯಲ್ಲಿರುತ್ತವೆ. ಕೇಂದ್ರ ಸರ್ಕಾರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ, 1947ರಲ್ಲಿ ಶುರುವಾದದ್ದು, ಕೊಚ್ಚಿಯಲ್ಲಿ ಮುಖ್ಯ ಕಚೇರಿ, ಮಂಗಳೂರಿನಲ್ಲೂ ಕೇಂದ್ರ ಇದೆ. ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ರೂಪಿಸಿದ ಈ ಸಂಸ್ಥೆ, ಕಡಲಿನ ಅಲಂಕಾರಿಕ ಮೀನುಗಳಿಗಾಗಿ ‘ಕಡಲ್‌ಮೀನ್ ವರ್ಣ’ ಎಂಬ ಆಹಾರವನ್ನೂ ತಯಾರಿಸಿದೆ.

ನೋಡಬೇಕಾದ್ದು ಡಬ್ಬಿಯ ಮೇಲಿನ ಪಟ್ಟಿ. ಮೊದಲ ಹೆಸರು ಮೀನು, ಸಿಗಡಿ, ಕ್ರಿಲ್ ಆಗಿದ್ದರೆ ಒಳ್ಳೆಯದು, ಗೋಧಿ ಅಥವಾ ಸೋಯಾ ಆಗಿದ್ದರೆ ಬೇರೆ ಹುಡುಕಿ. ಅಗ್ಗ ಎಂದು ದೊಡ್ಡ ಡಬ್ಬಿ ತಂದು ವರ್ಷಗಟ್ಟಲೆ ಬಳಸಬೇಡಿ. ತೆರೆದ ಮೇಲೆ ಗಾಳಿ ತಾಗಿ ಎಣ್ಣೆ ಹಳಸುತ್ತದೆ, ಸಿ ಜೀವಸತ್ವ ಕಳೆದುಹೋಗುತ್ತದೆ. ಸಣ್ಣ ಡಬ್ಬಿ ತಂದು, ಮುಚ್ಚಳ ಬಿಗಿಮಾಡಿ, ತಂಪಾದ ಜಾಗದಲ್ಲಿಡಿ.

ಯಾವ ಮೀನಿಗೆ ಯಾವ ಊಟ?

‘ಕಡಲ ಮೀನು’ ಎಂದು ಒಂದೇ ಹೆಸರಿನಲ್ಲಿ ಕರೆದರೂ ಎಲ್ಲದರ ಊಟ ಒಂದೇ ಅಲ್ಲ. ಕೊಳ್ಳುವ ಮೊದಲೇ ಇದನ್ನು ತಿಳಿದುಕೊಳ್ಳಬೇಕು.

ಕ್ಲೌನ್, ಡ್ಯಾಮ್ಸೆಲ್: ನೀರಿನಲ್ಲಿ ತೇಲುವ ಪುಟ್ಟ ಜೀವಿಗಳನ್ನು, ಜೊತೆಗೆ ಸ್ವಲ್ಪ ಪಾಚಿಯನ್ನು ತಿನ್ನುತ್ತವೆ. ಹೊಸಬರಿಗೆ ಇವೇ ಸರಿ. ಸಣ್ಣಗೆ ಹೆಚ್ಚಿದ ಸಿಗಡಿ, ಒಳ್ಳೆಯ ಹರಳು ಆಹಾರ ಎರಡನ್ನೂ ತಿನ್ನುತ್ತವೆ.

ಟ್ಯಾಂಗ್ ಅಥವಾ ಸರ್ಜನ್ ಮೀನು: ಇವು ಕಡಲಿನ ದನಗಳಿದ್ದಂತೆ, ದಿನವಿಡೀ ಬಂಡೆಯ ಮೇಲಿನ ಪಾಚಿ ಮೇಯುತ್ತವೆ. ಬರೀ ಸಿಗಡಿ ಹಾಕಿದರೆ ತಿನ್ನುತ್ತವೆ, ಆದರೆ ಕಾಲಕ್ರಮೇಣ ಸೊರಗುತ್ತವೆ. ಇವಕ್ಕೆ ನೋರಿ ಎಂಬ ಕಡಲಪಾಚಿಯ ಹಾಳೆ ದಿನವೂ ಬೇಕು. ಉಪ್ಪು, ಎಣ್ಣೆ, ಮಸಾಲೆ ಸವರದ ಹಾಳೆಯೇ ಆಗಬೇಕು. ಸೊಪ್ಪು ಎಂದು ಪಾಲಕ್, ಲೆಟ್ಯೂಸ್ ಹಾಕುವುದು ಎಂದಾದರೊಮ್ಮೆ ಸರಿ, ದಿನದ ಊಟವಾಗಿ ಸಾಲದು.

ಲಯನ್‌ಫಿಶ್: ಮಾಂಸಾಹಾರಿ. ಬೆಳೆದ ಮೀನಿಗೆ ವಾರಕ್ಕೆ ಎರಡು ಮೂರು ಸಲ ಸಿಗಡಿ, ಕಡಲ ಮೀನಿನ ತುಂಡು ಸಾಕು. ಇದರ ಮುಳ್ಳಿನಲ್ಲಿ ವಿಷ ಇದೆ, ಕೈಯಿಂದ ತಿನ್ನಿಸುವ ಸಾಹಸ ಬೇಡ.

ಮ್ಯಾಂಡರಿನ್, ಹವಳ ತಿನ್ನುವ ಚಿಟ್ಟೆ ಮೀನು: ಮ್ಯಾಂಡರಿನ್‌ಗೆ ಸಾಮಾನ್ಯವಾಗಿ ಜೀವಂತ ಕೋಪೆಪಾಡ್‌ಗಳೇ ಬೇಕು. ಕೆಲವು ಜಾತಿಯ ಚಿಟ್ಟೆ ಮೀನುಗಳು ಹವಳದ ಜೀವಿಗಳನ್ನು ಬಿಟ್ಟರೆ ಬೇರೇನನ್ನೂ ಮುಟ್ಟುವುದಿಲ್ಲ. ಮನೆಯ ತೊಟ್ಟಿಯಲ್ಲಿ ಇವು ಹಸಿವಿನಿಂದಲೇ ಸಾಯುತ್ತವೆ. ಎಷ್ಟೇ ಚೆಂದ ಕಂಡರೂ ತರಬೇಡಿ.

ಕಡಲ ಕುದುರೆ: ಇದಕ್ಕೆ ಜಠರವೇ ಇಲ್ಲ, ದಿನಕ್ಕೆ ಹಲವು ಸಲ ತಿನ್ನುತ್ತಿರಬೇಕು. ಅದಕ್ಕಿಂತ ಮುಖ್ಯವಾಗಿ, 2001ರಿಂದ ಕಡಲ ಕುದುರೆ ಮತ್ತು ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕಡಲಿನಿಂದ ಹಿಡಿದು ಮಾರುವುದು ಅಪರಾಧ. ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ಮನೆಯಲ್ಲೇ ತಯಾರಿಸುವುದು ಹೇಗೆ?

ಒಳ್ಳೆಯ ಸುದ್ದಿ ಎಂದರೆ ಇದಕ್ಕೆ ಬೇಕಾದ ಬಹುಪಾಲು ಸಾಮಾನು ನಮ್ಮ ರಸ್ತೆಯ ಮೇಲೇ ಬರುತ್ತದೆ. ಬೆಂಗಳೂರು–ಮಂಗಳೂರು ಹೆದ್ದಾರಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಮೂಲಕವೇ ಹೋಗುತ್ತದೆ. ಮೈಸೂರಿನ ಮೀನು ಮಾರುಕಟ್ಟೆಯಲ್ಲಿ ಕರಾವಳಿಯ ಮೀನು ಐಸ್‌ನಲ್ಲಿ ಬರುತ್ತದೆ. ನಾವು ತಿನ್ನಲು ಕೊಳ್ಳುವಷ್ಟು ತಾಜಾ ಇದ್ದರೆ ಮಾತ್ರ ಮೀನಿಗೂ ಕೊಳ್ಳಿ.

ಒಂದೆರಡು ಪುಟ್ಟ ಮೀನಿಗೆ ಒಮ್ಮೆಗೆ 100 ಗ್ರಾಂ ತಯಾರಿಸಿದರೆ ಸಾಕು, ವಾರಗಟ್ಟಲೆ ಬರುತ್ತದೆ. ಹೀಗೆ ಮಾಡಬಹುದು:

• ಸಿಪ್ಪೆ ಸುಲಿದು, ಬೆನ್ನಿನ ಕಪ್ಪು ದಾರ ತೆಗೆದ ಸಿಗಡಿ 40 ಗ್ರಾಂ
• ಮಂಗಳೂರಿನವರು ಬೊಂಡಾಸ್ ಎನ್ನುವ ಸ್ಕ್ವಿಡ್ 20 ಗ್ರಾಂ
• ಮುಳ್ಳು ತೆಗೆದ ಕಡಲ ಮೀನಿನ ಬಿಳಿ ಮಾಂಸ 20 ಗ್ರಾಂ
• ಸಿಕ್ಕರೆ, ಬಿಸಿನೀರಿನಲ್ಲಿ ಬೇಯಿಸಿದ ಕಡಲ ಚಿಪ್ಪಿನ ಮಾಂಸ 10 ಗ್ರಾಂ
• ಬಂಗುಡೆ ಅಥವಾ ಭೂತಾಯಿಯ ಒಂದು ಸಣ್ಣ ತುಂಡು. ಡಿಎಚ್‌ಎ ಇದರಲ್ಲಿ ಚೆನ್ನಾಗಿದೆ, ಆದರೆ ಹೆಚ್ಚು ಹಾಕಿದರೆ ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟುತ್ತದೆ
• ನೀರಿನಲ್ಲಿ ನೆನೆಸಿದ ನೋರಿ ಒಂದು ಹಾಳೆ
• ಅರ್ಧ ಟೀ ಚಮಚ ಸ್ಪಿರುಲಿನಾ ಪುಡಿ. ಮೈಸೂರಿನ ಸಿಎಫ್‌ಟಿಆರ್‌ಐ ದಶಕಗಳ ಹಿಂದೆಯೇ ಇದನ್ನು ಬೆಳೆಸುವ ಬಗ್ಗೆ ಕೆಲಸ ಮಾಡಿದೆ, ಈಗ ಅಂಗಡಿಗಳಲ್ಲಿ ಸಿಗುತ್ತದೆ

ಎಲ್ಲವನ್ನೂ ತಣ್ಣೀರಿನಲ್ಲಿ ತೊಳೆದು, ಮೀನಿನ ಬಾಯಿಗೆ ತಕ್ಕಂತೆ ಸಣ್ಣಗೆ ಹೆಚ್ಚಿ. ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಬೇಡಿ, ತೊಟ್ಟಿಗೆ ಹಾಕಿದರೆ ಸಾರಿನಂತೆ ಕದಡಿ ನೀರು ಕೆಡುತ್ತದೆ. ಉಪ್ಪು, ಅರಿಶಿನ, ನಿಂಬೆಹುಳಿ ಏನೂ ಬೇಡ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹಪ್ಪಳದಂತೆ ತೆಳ್ಳಗೆ ತಟ್ಟಿ ಫ್ರೀಜರ್‌ನಲ್ಲಿಡಿ. ಬೇಕಾದಾಗ ಉಗುರಿನಷ್ಟು ಮುರಿದುಕೊಳ್ಳಬಹುದು. ಚೀಲದ ಮೇಲೆ ದಿನಾಂಕ, ‘ಮೀನಿನ ಆಹಾರ’ ಎಂದು ಬರೆಯಿರಿ. ಒಂದೆರಡು ತಿಂಗಳಲ್ಲಿ ಮುಗಿಸಿ.

ಹಾಕುವಾಗ ತುಂಡನ್ನು ಲೋಟದಲ್ಲಿ ತೊಟ್ಟಿಯದೇ ನೀರು ಹಾಕಿ ಕರಗಿಸಿ, ಟೀ ಸೋಸುವ ಜರಡಿಯಲ್ಲಿ ಸೋಸಿ, ರಸ ಚೆಲ್ಲಿ, ಗಟ್ಟಿ ಭಾಗ ಮಾತ್ರ ಹಾಕಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಜೀವಸತ್ವದ ಹನಿ ವಾರಕ್ಕೆ ಒಂದೆರಡು ಸಲ ಬೆರೆಸಿದರೆ ಬಿ1ನಂಥ ಕೊರತೆ ತುಂಬುತ್ತದೆ. ಮನೆಯಲ್ಲಿ ತಯಾರಿಸಿದ್ದು ಮತ್ತು ಒಳ್ಳೆಯ ಹರಳು ಆಹಾರ ಎರಡನ್ನೂ ಬದಲಿಸಿ ಬದಲಿಸಿ ಕೊಡುವುದೇ ಉತ್ತಮ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಜೀವಂತ ಆಹಾರವೇ ಬೇಕೆಂದರೆ ಆರ್ಟೀಮಿಯಾ ಇದೆ. ತೂತ್ತುಕುಡಿಯ ಉಪ್ಪಿನ ಗದ್ದೆಗಳಲ್ಲೂ ಕಾಣುವ ಪುಟ್ಟ ಉಪ್ಪುನೀರಿನ ಸಿಗಡಿಯಂಥ ಜೀವಿ ಇದು. ಇದರ ಒಣ ಮೊಟ್ಟೆಗಳನ್ನು ಗಾಳಿ ಆಡುವ ಉಪ್ಪುನೀರಿನಲ್ಲಿ ಸುಮಾರು 28 ಡಿಗ್ರಿಯಲ್ಲಿಟ್ಟರೆ 24ರಿಂದ 36 ಗಂಟೆಯಲ್ಲಿ ಮರಿಯಾಗುತ್ತವೆ. ಮರಿಯಾದ ಮೊದಲ ಕೆಲವು ಗಂಟೆಗಳಲ್ಲೇ ತಿನ್ನಿಸಬೇಕು, ತಡವಾದರೆ ಹೊಟ್ಟೆಯ ಭಂಡಾರ ಖಾಲಿಯಾಗಿ ಸತ್ವ ಇಳಿಯುತ್ತದೆ. ಇದರಲ್ಲೂ ಡಿಎಚ್‌ಎ ಕಡಿಮೆ, ಹಾಗಾಗಿ ಇದೊಂದೇ ಸಾಲದು.

ಎಷ್ಟು ಹಾಕಬೇಕು?

ಪ್ರೀತಿಯಿಂದ ಹೆಚ್ಚು ಹಾಕುವುದು ಉಪ್ಪುನೀರಿನ ತೊಟ್ಟಿಯಲ್ಲಿ ಇನ್ನೂ ಅಪಾಯ. ಉಳಿದ ಆಹಾರ ಮತ್ತು ಮೀನಿನ ಹಿಕ್ಕೆಯಿಂದ ಅಮೋನಿಯ ಬರುತ್ತದೆ. ಕಡಲ ನೀರು ಕ್ಷಾರದ ಕಡೆಗಿರುತ್ತದೆ, ಪಿಎಚ್ ಸುಮಾರು 8.2. ಪಿಎಚ್ 7 ಇರುವ ಸಿಹಿನೀರಿಗೆ ಹೋಲಿಸಿದರೆ ಇಲ್ಲಿ ಅಮೋನಿಯದ ವಿಷಕಾರಿ ಪಾಲು ಸುಮಾರು ಹತ್ತು ಪಟ್ಟು ಹೆಚ್ಚು. ಗೋಲ್ಡ್‌ಫಿಶ್ ತೊಟ್ಟಿಯಲ್ಲಿ ಸಹಿಸಿಕೊಂಡ ತಪ್ಪನ್ನು ಈ ತೊಟ್ಟಿ ಸಹಿಸುವುದಿಲ್ಲ.

ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಒಂದು ಸಣ್ಣ ಮೀನಿನ ಹೊಟ್ಟೆ ಹೆಚ್ಚು ಕಡಿಮೆ ಅದರ ಕಣ್ಣಿನಷ್ಟೇ ಎಂದುಕೊಂಡರೆ ಅಳತೆ ತಪ್ಪುವುದಿಲ್ಲ. ಉಳಿದದ್ದನ್ನು ಆಗಲೇ ತೆಗೆಯಿರಿ.

ನಮ್ಮ ಊರುಗಳಿಗೆ ಬೇಕಾದ ಎರಡು ಮಾತು. ಒಂದು, ಕರೆಂಟ್ ಹೋದಾಗ ಆಹಾರ ಹಾಕಬೇಡಿ. ಪಂಪು ನಿಂತಾಗ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ, ಹೊಟ್ಟೆ ತುಂಬಿದ ಮೀನಿಗೆ ಆಮ್ಲಜನಕ ಹೆಚ್ಚು ಬೇಕು. ಬಹಳ ಹೊತ್ತು ಕರೆಂಟ್ ಇಲ್ಲದೆ ಫ್ರೀಜರ್‌ನ ಆಹಾರ ಕರಗಿ ನೀರಾಗಿದ್ದರೆ ಮತ್ತೆ ಹೆಪ್ಪುಗಟ್ಟಿಸದೆ ಎಸೆಯಿರಿ. ಎರಡು, ಹಬ್ಬಕ್ಕೆ ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಡಬ್ಬಿ ಕೊಡಬೇಡಿ. ಪಾಪ, ಅವರು ಹಸಿದಿರಬಹುದೆಂದು ಮುಷ್ಟಿ ತುಂಬ ಹಾಕುತ್ತಾರೆ. ಒಂದೊಂದು ಹೊತ್ತಿನದನ್ನು ಚಿಕ್ಕ ಪೊಟ್ಟಣ ಕಟ್ಟಿಕೊಡಿ. ಆರೋಗ್ಯವಾಗಿರುವ ದೊಡ್ಡ ಮೀನು ಎರಡು ಮೂರು ದಿನ ಉಪವಾಸ ಇದ್ದರೂ ತೊಂದರೆ ಇಲ್ಲ.

ಆಹಾರ ಹಾಕಿದ ನಂತರ ಸೋಪಿನಿಂದ ಕೈ ತೊಳೆಯಿರಿ, ಆದರೆ ತೊಟ್ಟಿಗೆ ಕೈ ಹಾಕುವ ಮೊದಲು ಕೈಯಲ್ಲಿ ಸೋಪು ಉಳಿದಿರಬಾರದು. ಕೈಗೆ ಗಾಯ ಇದ್ದರೆ ತೊಟ್ಟಿಯ ನೀರು ಮುಟ್ಟಬೇಡಿ. ಅಂಥ ನೀರಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಬೇಗ ಮಾಯದ ಚರ್ಮದ ಗಂಟುಗಳಾಗುತ್ತವೆ.

ಸೊರಗುತ್ತಿದೆ ಎಂದು ತಿಳಿಯುವುದು ಹೇಗೆ?

ತಿನ್ನುತ್ತಿದೆಯೇ ಎಂದಷ್ಟೇ ನೋಡಬೇಡಿ. ಮೇಲಿನಿಂದ ಮತ್ತು ಎದುರಿನಿಂದ ನೋಡಿ. ತಲೆಯ ಹಿಂದೆ, ಬೆನ್ನಿನ ಮೇಲ್ಭಾಗದಲ್ಲಿ ಮಾಂಸ ಕುಗ್ಗಿ ಚೂಪಾಗಿದ್ದರೆ, ಹೊಟ್ಟೆ ಒಳಗೆ ಹೋಗಿದ್ದರೆ ಮೀನು ತಿಂದೂ ಸೊರಗುತ್ತಿದೆ ಎಂದರ್ಥ. ಬಣ್ಣ ಮಂಕಾಗುವುದು ಇನ್ನೊಂದು ಸೂಚನೆ. ಕೆಂಪು, ಕಿತ್ತಳೆ ಬಣ್ಣ ಕೊಡುವ ಕ್ಯಾರೋಟಿನಾಯ್ಡ್‌ಗಳನ್ನು ಮೀನು ತಾನೇ ತಯಾರಿಸಲಾರದು, ಸಿಗಡಿ ಮತ್ತು ಪಾಚಿಯಿಂದ ಪಡೆಯಬೇಕು. ಟ್ಯಾಂಗ್‌ಗಳ ತಲೆ ಮತ್ತು ಪಕ್ಕದ ಗೆರೆಯ ಮೇಲೆ ಚರ್ಮ ಸವೆದು ಗುಳಿಗಳಾದರೆ ಅದಕ್ಕೆ ಆಹಾರದ ಕೊರತೆಯೂ ಒಂದು ಕಾರಣವಿರಬಹುದು. ಇವು ಕಂಡರೆ ಮೊದಲು ನೀರು ಪರೀಕ್ಷಿಸಿ, ಜೊತೆಗೆ ಊಟ ಬದಲಿಸಿ.

ಕೊನೆಗೊಂದು ಮಾತು

ಸರಿಯಾಗಿ ನೋಡಿಕೊಂಡರೆ ಕ್ಲೌನ್ ಮೀನು ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಒಂದನೇ ತರಗತಿಯ ಮಗುವಿಗೆ ತಂದುಕೊಟ್ಟ ಮೀನು ಆ ಮಗು ಎಸ್‌ಎಸ್‌ಎಲ್‌ಸಿ ಮುಗಿಸುವಾಗಲೂ ತೊಟ್ಟಿಯಲ್ಲಿರಬಹುದು. ಆರು ತಿಂಗಳಿಗೆ ಸತ್ತರೆ “ಇದರ ಆಯಸ್ಸು ಇಷ್ಟೇ” ಎನ್ನುತ್ತೇವೆ, ಹೋಗಿ ಇನ್ನೊಂದು ತರುತ್ತೇವೆ. ಅಂಗಡಿಯಲ್ಲಿರುವ ಕಡಲ ಮೀನುಗಳಲ್ಲಿ ಹೆಚ್ಚಿನ ಜಾತಿಗಳು ಹವಳದ ದಿಬ್ಬಗಳಿಂದ ಹಿಡಿದು ತಂದವು. ನಮ್ಮ ತೊಟ್ಟಿಯಲ್ಲಿ ಸತ್ತ ಪ್ರತಿ ಮೀನಿನ ಜಾಗಕ್ಕೆ ಅಲ್ಲಿಂದ ಇನ್ನೊಂದು ಹೊರಡುತ್ತದೆ. ಸಾಧ್ಯವಾದಷ್ಟು ಸಾಕಣೆ ಕೇಂದ್ರದಲ್ಲಿ ಮರಿಮಾಡಿಸಿದ ಮೀನನ್ನೇ ಕೇಳಿ ಕೊಳ್ಳಿ. ಅವು ಹರಳು ಆಹಾರಕ್ಕೂ ಒಗ್ಗಿಕೊಂಡಿರುತ್ತವೆ.

ಫಾರ್ವರ್ಡ್ ಮಾಡುವವರಿಗಾಗಿ ಚುಟುಕಾಗಿ:

• ಕಡಲ ಮೀನಿಗೆ ಕಡಲಿನದೇ ಆಹಾರ. ಅನ್ನ, ಪುರಿ, ಬ್ರೆಡ್ ಬೇಡ.
• ಎರೆಹುಳು, ಕೆರೆ ಮೀನು, ಕೋಳಿ, ಕುರಿ ದಿನದ ಊಟವಲ್ಲ. ಸೊಳ್ಳೆಮರಿ ಸಾಕುವುದು ಬೇಡವೇ ಬೇಡ.
• ಸಿಗಡಿ, ಸ್ಕ್ವಿಡ್, ಕಡಲ ಮೀನು, ನೋರಿ ಬೆರೆಸಿ ಸ್ವಲ್ಪವೇ ತಯಾರಿಸಿ, ಹರಳು ಆಹಾರದೊಂದಿಗೆ ಬದಲಿಸಿ ಕೊಡಿ.
• ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಿ. ಕರೆಂಟ್ ಇಲ್ಲದಾಗ ಹಾಕಬೇಡಿ.
• ಮೀನು ತಿಂದರೆ ಸಾಲದು, ತಿಂದದ್ದು ಅದಕ್ಕೆ ದಕ್ಕಬೇಕು.